ಕಾಗದದ ಕಾಫಿ ಹೂವನ್ನು ಅರಳಿಸುವ ಮುನ್ನ

ಸ್ಟಾಪ್ ಮೋಷನ್ ಅನಿಮೇಷನ್, ಎಂದರೆ ವಸ್ತುಗಳನ್ನು ಚೂರು ಚೂರೇ ಸರಿಸಿ ಒಂದೊಂದೇ ಚಿತ್ರ ತೆಗೆದು ಚಲಿಸುವಂತೆ ತೋರಿಸುವ ಸಿನಿಮಾ, ಮಾಡಬೇಕೆಂದು ನನ್ನ ಬಳಿಗೆ ಬರುವವರು ಸಾಮಾನ್ಯವಾಗಿ ಕಥೆಯನ್ನು ಹಿಡಿದುಕೊಂಡೇ ಬರುತ್ತಾರೆ. ಯಾವ ಕಾಗದ, ಯಾವ ತಿಂಗಳು, ಎಷ್ಟು ಚಿತ್ರ ಎಂದು ಕೇಳಿದರೆ ಅವರ ಉತ್ಸಾಹ ಕೊಂಚ ತಗ್ಗುತ್ತದೆ. ಆದರೆ ಮಡಿಕೇರಿಯಂಥ ಊರಿನಲ್ಲಿ ಕೈಯಿಂದ ತಯಾರಿಸಿದ ಕಾಗದವನ್ನು ನೆಚ್ಚಿ ಕೆಲಸಕ್ಕಿಳಿಯುವವರು ಈ ಮೂರನ್ನು ಕಥೆಗಿಂತ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಇದನ್ನು ನಾನು ಕಲಿತದ್ದು ಒಂದು ಜುಲೈ ತಿಂಗಳಲ್ಲಿ. ಕಾಗದದ ತುಂಡುಗಳಿಂದ ಮಾಡಿದ ಕಾಫಿ ಗಿಡವೊಂದು ಹೂಬಿಡುವ ದೃಶ್ಯವನ್ನು ಚಿತ್ರೀಕರಿಸುತ್ತಿದ್ದೆ. ಸಂಜೆ 61ನೆಯ ಚಿತ್ರ ತೆಗೆದು, ಎಲ್ಲವನ್ನೂ ಇದ್ದಲ್ಲಿಯೇ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಎಲೆಗಳ ತುದಿ ಎರಡು ಮಿಲಿಮೀಟರ್‌ನಷ್ಟು ಮೇಲೆದ್ದು, ಪ್ರತಿಯೊಂದರ ಕೆಳಗೂ ಹಿಂದಿನ ದಿನ ಇಲ್ಲದಿದ್ದ ಸಣ್ಣ ನೆರಳು ಬಿದ್ದಿತ್ತು. ಓಡಿಸಿ ನೋಡಿದಾಗ 62ನೆಯ ಚಿತ್ರದಲ್ಲಿ ಇಡೀ ಗಿಡ ಬೆಚ್ಚಿಬಿದ್ದಂತೆ ಕಂಡಿತು. ಕಾಗದದ ನಾರುಗಳು ಗಾಳಿಯ ತೇವವನ್ನು ಹೀರಿ ಉಬ್ಬುತ್ತವೆ. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗಿರುವುದರಿಂದ ಅದು ಎತ್ತ ಮುರುಟುತ್ತದೆಂದು ಊಹಿಸಬಹುದು. ಜಾಲರಿಯಲ್ಲಿ ಕೈಯಿಂದ ಎತ್ತಿದ ಹಾಳೆಯಲ್ಲಿ ಅವು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುವುದರಿಂದ ಹಾಗೆ ಊಹಿಸುವುದು ಕಷ್ಟ. ಮೈದಾ ಅಂಟನ್ನು ಒಂದೇ ಬದಿಗೆ ಬಳಿದು ನಾನು ಆ ತೊಂದರೆಯನ್ನು ಇನ್ನಷ್ಟು ಹೆಚ್ಚಿಸಿಕೊಂಡಿದ್ದೆ. ಈಗ ಎರಡು ಬದಿಯ ಟೇಪನ್ನೇ ಬಳಸುತ್ತೇನೆ.

ಆದ್ದರಿಂದ ಚಿತ್ರೀಕರಣವನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳಿಗೆ ಇಟ್ಟುಕೊಂಡು, ಮಳೆಗಾಲವನ್ನು ಸ್ಟೋರಿಬೋರ್ಡ್ (ದೃಶ್ಯಗಳನ್ನು ಕ್ರಮವಾಗಿ ಬಿಡಿಸಿಟ್ಟ ಚಿತ್ರಪಟ್ಟಿ) ಬರೆಯುವುದಕ್ಕೂ ಯಾವ ಚಿತ್ರದಲ್ಲಿ ಯಾವ ತುಂಡು ಎಷ್ಟು ಸರಿಯಬೇಕೆಂಬ ಪಟ್ಟಿ ತಯಾರಿಸುವುದಕ್ಕೂ ಬಳಸುವುದು ಲೇಸು. ಕತ್ತರಿಸಿದ ತುಂಡುಗಳನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಒಬ್ಬ ವಿದ್ಯಾರ್ಥಿ ಅಲ್ಲಿಟ್ಟಿದ್ದ. ಕಾಗದ ಒಣಗಿಯೇ ಇತ್ತು, ಆದರೆ ಬಿಳಿ ಹೂವುಗಳೆಲ್ಲ ಹೊಗೆಗೆ ಕಂದಿ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು.

ಇನ್ನು ಲೆಕ್ಕ. ಚಲನಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ (ಫ್ರೇಮ್) ಓಡುತ್ತದೆ. ಒಂದೊಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಹಾಗಾದರೆ ಒಂದು ನಿಮಿಷಕ್ಕೆ 720. ಮೊದಲ ಪ್ರಯತ್ನಕ್ಕೆ ನಾನು 20 ಸೆಕೆಂಡಿಗಿಂತ, ಎಂದರೆ 240 ಚಿತ್ರಗಳಿಗಿಂತ, ಹೆಚ್ಚನ್ನು ಒಪ್ಪುವುದಿಲ್ಲ. ತೋಟದಲ್ಲಿ ಹೂಮಳೆ, ಎಂದರೆ ಕಾಫಿ ಮೊಗ್ಗನ್ನು ಅರಳಿಸುವ ಮಳೆ, ಬಿದ್ದು ವಾರ ಹತ್ತು ದಿನಗಳಲ್ಲಿ ಮೊಗ್ಗು ಅರಳುತ್ತದೆ. ಅದನ್ನು 3 ಸೆಕೆಂಡಿಗೆ ಇಳಿಸಿದರೆ 36 ಚಿತ್ರ. ಇವನ್ನು ಸಮನಾಗಿ ಹಂಚಿದರೆ ಹೂವು ಬಾಗಿಲು ತೆರೆದಂತೆ ಅರಳುತ್ತದೆ, ಜೀವ ಕಾಣುವುದಿಲ್ಲ. ಮೊದಲ 20 ಚಿತ್ರಗಳಲ್ಲಿ ಮೊಗ್ಗು ಕೇವಲ ಉಬ್ಬಬೇಕು, ಮುಂದಿನ ಹತ್ತರಲ್ಲಿ ಎಸಳುಗಳು ಬಿಚ್ಚಿಕೊಳ್ಳಬೇಕು, ಕೊನೆಯ ಆರರಲ್ಲಿ ತುಸು ಹಿಂದಕ್ಕೆ ಬಾಗಿ ನಿಲ್ಲಬೇಕು. ಒಂದು ಗೊಂಚಲಿನಲ್ಲಿ ಎಂಟು ಹೂವುಗಳಿದ್ದು ಪ್ರತಿಯೊಂದಕ್ಕೂ ನಾಲ್ಕು ಹಂತಗಳಾದರೆ 32 ತುಂಡುಗಳಾಗುತ್ತವೆ. ಬಿಳಿ ಕಾಗದ ಬೆರಳ ಕೊಳೆಯನ್ನು ಮುಚ್ಚಿಡುವುದಿಲ್ಲವಾದ್ದರಿಂದ ಎಲ್ಲವನ್ನೂ ಎರಡೆರಡು ಕತ್ತರಿಸಿಕೊಳ್ಳಬೇಕು. ಹೂವನ್ನು ನಿಜವಾದ ಗಾತ್ರದ ಮೂರರಷ್ಟು ದೊಡ್ಡದಾಗಿ ಮಾಡದಿದ್ದರೆ ಐದು ಎಸಳುಗಳನ್ನು ಚಿಮಟದಿಂದ ಸರಿಸುವಾಗ ತಾಳ್ಮೆ ಕೆಡುತ್ತದೆ.

ಬೆಳಕಿಗಾಗಿ ಕಿಟಕಿಯನ್ನು ನಂಬಬೇಡಿ, ನಮ್ಮಲ್ಲಿ ಮಂಜು ಗಳಿಗೆಗೊಮ್ಮೆ ಬಂದುಹೋಗುತ್ತದೆ. ಕಪ್ಪು ಪರದೆ ಎಳೆದು ಎರಡು ದೀಪಗಳನ್ನಿಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಬಾರಿ ಮಿನುಗಬಹುದು. ಶಟರ್ ವೇಗವನ್ನು, ಎಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಸಮಯವನ್ನು, 1/50 ಅಥವಾ 1/25 ಸೆಕೆಂಡಿಗೆ ಇಟ್ಟರೆ ಆ ಮಿನುಗು ಚಿತ್ರದಲ್ಲಿ ಬಹುಮಟ್ಟಿಗೆ ಕಾಣಿಸುವುದಿಲ್ಲ. ಮೊಬೈಲಿನಲ್ಲಾದರೂ ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಲೇಬೇಕು. ಅಂದಹಾಗೆ, ಬಿಳಿ ಅಂಗಿ ತೊಟ್ಟು ಕೂರಬೇಡಿ. ಅದರಿಂದ ಪ್ರತಿಫಲಿಸುವ ಬೆಳಕು ನೀವು ಮುಂದೆ ಬಾಗಿದಾಗಲೆಲ್ಲ ಹಾಳೆಯ ಮೇಲೆ ಬೀಳುತ್ತದೆ.

ಕೊನೆಯದಾಗಿ, ಪ್ರತಿಯೊಂದು ಶಾಟೂ ಒಂದೇ ಕೂರಿಕೆಯಲ್ಲಿ ಮುಗಿಯುವಷ್ಟು, ಸುಮಾರು 40 ಚಿತ್ರಗಳಷ್ಟು, ಇರುವಂತೆ ಸ್ಟೋರಿಬೋರ್ಡಿನಲ್ಲಿಯೇ ತುಂಡರಿಸಿಕೊಳ್ಳಿ. ಆಗ ರಾತ್ರಿಯ ತೇವಕ್ಕೆ ಎಲೆಗಳು ಮುರುಟಿಕೊಂಡರೂ ಮರುದಿನದ ಶಾಟಿಗೆ ಹೊಸ ಎಲೆಗಳನ್ನಿಟ್ಟರೆ ಸಾಕು.