‘ಪುಲ್ ಯುವರ್‌ಸೆಲ್ಫ್ ಟುಗೆದರ್’ ಅಂದರೆ ಸಾವರಿಸಿಕೊ

ಪದಕ್ಕೆ ಪದ ಇಟ್ಟರೆ ‘ನಿನ್ನನ್ನು ನೀನೇ ಒಟ್ಟಿಗೆ ಎಳೆದುಕೊ’ ಅಂತ ಆಗುತ್ತದೆ. ತಲೆಬುಡ ಇಲ್ಲ, ಅಲ್ವಾ? ಇದರ ಎದುರು ಮಾತುಗಳನ್ನು ನೋಡಿದರೆ ಗುಟ್ಟು ಸಿಗುತ್ತದೆ. ದುಃಖಕ್ಕೋ ಗಾಬರಿಗೋ ಕುಸಿದು ಹೋದವರನ್ನು ಇಂಗ್ಲಿಷಿನಲ್ಲಿ ‘ಫಾಲ್ ಅಪಾರ್ಟ್’, ‘ಗೋ ಟು ಪೀಸಸ್’ ಅನ್ನುತ್ತಾರೆ. ಮನುಷ್ಯ ಚೂರುಚೂರಾಗಿ ಬಿದ್ದ ಹಾಗೆ. ಆ ಚೂರುಗಳನ್ನು ಮತ್ತೆ ಒಂದು ಮಾಡಿಕೊ ಅನ್ನುವುದೇ ಈ ಮಾತು. ನಮ್ಮ ‘ಸಾವರಿಸಿಕೊ’, ‘ಸುಧಾರಿಸಿಕೊ’ ಇದಕ್ಕೆ ಸರಿಯಾಗಿ ಕೂರುತ್ತವೆ.

ನಡುವಿನ ‘ಯುವರ್‌ಸೆಲ್ಫ್’ ಕಡೆ ಸ್ವಲ್ಪ ಗಮನ ಇರಲಿ. ‘ಸಾವರಿಸಿಕೊ’ದಲ್ಲಿ ‘ಕೊ’ ಮಾಡುವ ಕೆಲಸ ಇದರದ್ದು. ಆದರೆ ಇದು ಆಳಿಗೆ ತಕ್ಕಂತೆ ಬದಲಾಗುತ್ತದೆ: ನಾನಾದರೆ ಮೈಸೆಲ್ಫ್, ಅವಳಾದರೆ ಹರ್‌ಸೆಲ್ಫ್, ಎದುರಿಗೆ ಹಲವರಿದ್ದರೆ ಯುವರ್‌ಸೆಲ್ವ್ಸ್. ಇದನ್ನು ಬಿಟ್ಟು ಸುಮ್ನೆ ‘ಪುಲ್ ಟುಗೆದರ್’ ಅಂದರೆ ‘ಎಲ್ಲರೂ ಕೈಜೋಡಿಸಿ’ ಅಂತಾಗುತ್ತದೆ. ಒಬ್ಬನೇ ಕೂತು ಅಳುತ್ತಿರುವವನಿಗೆ ಒಗ್ಗಟ್ಟಿನ ಪಾಠ ಹೇಳಿದ ಹಾಗೆ!

ಇನ್ನು ಧಾಟಿ. ನಾನು ಎಡವಿದ್ದು ಇಲ್ಲೇ. ಮನೆಯವರನ್ನು ಕಳೆದುಕೊಂಡಿದ್ದ ಗೆಳೆಯನಿಗೆ ‘ಸಮಾಧಾನ ಮಾಡಿಕೊ’ ಅನ್ನಲು ಹೋಗಿ ಈ ಮಾತನ್ನೇ ಮೆಸೇಜ್ ಮಾಡಿದ್ದೆ. ಎರಡು ದಿನ ಉತ್ತರ ಇಲ್ಲ. ಆಮೇಲೆ ಗೊತ್ತಾಯಿತು, ಆಜ್ಞೆಯ ರೂಪದಲ್ಲಿ ಇದು ಗದರಿಕೆ. ‘ಸಾಕು ಅತ್ತಿದ್ದು, ಏಳು’ ಅನ್ನುವಷ್ಟು ಒರಟು. ‘ಗೆಟ್ ಎ ಗ್ರಿಪ್’ ಕೂಡ ಇದೇ ಜಾತಿ, ಖಾರ ಇನ್ನೂ ಜಾಸ್ತಿ. ನೊಂದವರಿಗೆ ‘ಟೇಕ್ ಯುವರ್ ಟೈಮ್’ ಅನ್ನಿ, ಅಂದರೆ ‘ನಿಧಾನ, ಅವಸರ ಏನಿಲ್ಲ’.

ಸಿಟ್ಟು ಇಳಿಯಬೇಕಾದಾಗ ‘ಕಾಮ್ ಡೌನ್’, ‘ಕೂಲ್ ಡೌನ್’ ಸಾಕು. ‘ಕಾಮ್’ನಲ್ಲಿ ಬರೆಯುವ ಎಲ್ ಅಕ್ಷರವನ್ನು ಹೆಚ್ಚಿನವರು ಉಚ್ಚರಿಸುವುದಿಲ್ಲ. ‘ರಿಗೇನ್ ಕಂಪೋಷರ್’, ಅಂದರೆ ಕಳೆದುಕೊಂಡ ಶಾಂತಿಗೆ ಮರಳುವುದು, ಬರಹದಲ್ಲೇ ಹೆಚ್ಚು, ಮಾತಿನಲ್ಲಿ ಪುಸ್ತಕದ ವಾಸನೆ ಹೊಡೆಯುತ್ತದೆ.

ಆದರೆ ನಮ್ಮ ಬಗ್ಗೆಯೇ ಹೇಳಿಕೊಂಡರೆ, ಇಲ್ಲವೇ ನಡೆದದ್ದನ್ನು ವಿವರಿಸಿದರೆ, ‘ಪುಲ್ ಯುವರ್‌ಸೆಲ್ಫ್ ಟುಗೆದರ್’ ಮಾತಿನ ಒರಟುತನ ಮಾಯ. ‘ಶೀ ಪುಲ್ಡ್ ಹರ್‌ಸೆಲ್ಫ್ ಟುಗೆದರ್ ಅಂಡ್ ಆನ್ಸರ್ಡ್ ದ ಫೋನ್.’ ಕಣ್ಣೊರೆಸಿಕೊಂಡಳು, ಗಂಟಲು ಸರಿಮಾಡಿಕೊಂಡಳು, ಆಮೇಲೆ ‘ಹಲೋ’ ಅಂದಳು. ಇಷ್ಟೂ ಆ ಮೂರು ಪದಗಳಲ್ಲಿ ಬಂದುಬಿಡುತ್ತದೆ. ಕನ್ನಡದಲ್ಲಿ ಬರೆಯುವುದಾದರೆ ‘ಸಾವರಿಸಿಕೊಂಡು ಫೋನ್ ಎತ್ತಿದಳು’.