ಶಾಮರೆಲ್‌ನ ಬಣ್ಣದ ಮಣ್ಣು ಕಲಸಿಟ್ಟರೆ ತಾನಾಗಿ ಬೇರೆಯಾಗುತ್ತಾ?

ಪ್ರಶ್ನೆ: ಮಾರಿಷಸ್‌ಗೆ ಹೊರಟಿದ್ದೇವೆ ಸರ್. ಶಾಮರೆಲ್‌ನ ಏಳು ಬಣ್ಣದ ಮಣ್ಣನ್ನು ಎಷ್ಟು ಕಲಸಿಟ್ಟರೂ ಸ್ವಲ್ಪ ದಿನಕ್ಕೆ ಮತ್ತೆ ಬಣ್ಣ ಬಣ್ಣದ ಪದರವಾಗಿ ಬೇರೆಯಾಗುತ್ತದಂತೆ. ನಿಜವಾ?

ಇಲ್ಲ. ಬೇರೆಯಾಗುವುದಿಲ್ಲ.

ಮೇ ರಜೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಮದುವೆ ಸೀಸನ್ನಿನಲ್ಲಿ ಇನ್ನೂ ಜಾಸ್ತಿ. ಪ್ರತಿ ಸಲವೂ ಉತ್ತರ ಕೊಟ್ಟಿದ್ದೇನೆ, ಆದರೂ ವಾಟ್ಸ್ಯಾಪ್‌ನಲ್ಲಿ ಆ ಒಂದು ಸಾಲು ಸುತ್ತುತ್ತಲೇ ಇದೆ. ಈ ಸಲ ಬುಡದಿಂದಲೇ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಒಣಮಣ್ಣನ್ನು ಕಲಸಿ ಸೀಸೆಯಲ್ಲಿಟ್ಟರೆ ಅದು ಕಲಸಿದ ಹಾಗೇ ಇರುತ್ತದೆ. ಕಣಗಳನ್ನು ಸರಿಸಲು ಏನಾದರೂ ಬಲ ಬೇಕು, ಸುಮ್ನೆ ಇಟ್ಟ ಸೀಸೆಯಲ್ಲಿ ಅಂಥದ್ದೇನೂ ಇಲ್ಲ. ಅಲುಗಾಡಿಸಿದರೆ ಕಣಗಳು ಸರಿಯುತ್ತವೆ ನಿಜ, ಆದರೆ ಗಾತ್ರ ಮತ್ತು ತೂಕಕ್ಕೆ ತಕ್ಕಂತೆ. ಕೆಂಪಕ್ಕಿ, ಬಿಳಿ ಅಕ್ಕಿ ಬೆರೆಸಿ ಮೊರದಲ್ಲಿ ಕೇರಿ ನೋಡಿ. ಹೊಟ್ಟು ಹಾರುತ್ತದೆ, ನುಚ್ಚು ಬೇರೆಯಾಗುತ್ತದೆ. ಕೆಂಪು ಒಂದು ಕಡೆ, ಬಿಳಿ ಒಂದು ಕಡೆ ಆಗುವುದಿಲ್ಲ, ಅಲ್ವಾ?

"ನೀರಿಗೆ ಹಾಕಿದೆ ಸರ್, ಪದರ ಬಂತು" ಅನ್ನುವವರೂ ಇದ್ದಾರೆ. ಬರಲೇಬೇಕು. ಯಾವ ಊರಿನ ಮಣ್ಣನ್ನು ನೀರಿಗೆ ಹಾಕಿ ಕಲಕಿದರೂ ದಪ್ಪ ಕಣ ಮೊದಲು ತಳ ಸೇರುತ್ತದೆ, ನಯವಾದ ಜೇಡಿ ಕೊನೆಗೆ ಕೂರುತ್ತದೆ. ಒಂದು ಬಣ್ಣದ ಮಣ್ಣು ಇನ್ನೊಂದಕ್ಕಿಂತ ನಯವಾಗಿದ್ದರೆ ಪದರಕ್ಕೆ ಸ್ವಲ್ಪ ಬಣ್ಣದ ವ್ಯತ್ಯಾಸವೂ ಬರಬಹುದು. ಅಲ್ಲಿ ಬೇರೆಯಾಗಿರುವುದು ಗಾತ್ರ, ಬಣ್ಣ ಅದರ ಜೊತೆಗೆ ಬಂದದ್ದು.

ಇನ್ನು ಅಂಗಡಿಗಳಲ್ಲಿ ಮಾರುವ ಗಾಜಿನ ಕೊಳವೆ. ಅದರಲ್ಲಿ ಬಣ್ಣಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿ ಇರುತ್ತವೆ. ಯಾಕೆಂದರೆ ಹಾಗೇ ತುಂಬಿರುತ್ತಾರೆ. ಮನೆಗೆ ತಂದಮೇಲೂ ಪದರ ಕದಡದಿರುವುದಕ್ಕೆ ಕಾರಣ, ಒಳಗೆ ಅಲುಗಾಡಲು ಜಾಗವೇ ಇರುವುದಿಲ್ಲ. ಅನುಮಾನವಿದ್ದರೆ ಒಂದು ಕೊಳವೆಯನ್ನು ತಟ್ಟೆಗೆ ಸುರಿದು ಬೆರಳಲ್ಲಿ ಕಲಸಿ. ಕಂದು ಬಣ್ಣದ ಪುಡಿ ಸಿಗುತ್ತದೆ. ಮುಂದಿನ ವರ್ಷ ನೋಡಿದರೂ ಅದು ಕಂದು ಪುಡಿಯೇ.

"ಹಾಗಾದರೆ ಅಷ್ಟು ಮಳೆ ಬಿದ್ದರೂ ಅಲ್ಲಿನ ಬಣ್ಣಗಳು ಯಾಕೆ ಕಲೆತುಹೋಗಿಲ್ಲ?" ಇದು ಒಳ್ಳೆಯ ಪ್ರಶ್ನೆ, ಉತ್ತರ ಹೇಳಲು ನನಗೂ ಖುಷಿ. ಅಲ್ಲಿ ಬಣ್ಣ ಮೇಲೆ ಹರಡಿದ ಪುಡಿಯಲ್ಲ. ಕೆಳಗಿನ ಕಲ್ಲು ಇದ್ದ ಜಾಗದಲ್ಲೇ ಕೊಳೆತು ಮಣ್ಣಾಗಿದೆ. ಮಳೆ ಮೇಲಿನ ಒಂದಿಷ್ಟನ್ನು ಕೊಚ್ಚಿಕೊಂಡು ಹೋದರೆ ಕೆಳಗೆ ಅದೇ ಬಣ್ಣ ಕಾಣಿಸುತ್ತದೆ. ಆ ದಿಬ್ಬಗಳ ಮೈಮೇಲಿನ ಸಣ್ಣ ಸಣ್ಣ ಕೊರಕಲುಗಳೆಲ್ಲ ಮಳೆನೀರಿನ ಕೆಲಸವೇ.

ಜ್ವಾಲಾಮುಖಿ ಏಳು ಬಣ್ಣದ ಲಾವಾ ಉಗುಳಿತು ಅನ್ನುವುದೂ ಸುಳ್ಳು. ಬಂದದ್ದು ಒಂದೇ ಲಾವಾ, ಆರಿದ ಮೇಲೆ ಕಪ್ಪಗಿನ ಬಸಾಲ್ಟ್ ಕಲ್ಲು. ಬಿಸಿ ಮತ್ತು ಮಳೆ ಸೇರಿ ಅದರಲ್ಲಿದ್ದ ಸಿಲಿಕಾ, ಸುಣ್ಣ, ಪೊಟ್ಯಾಶಿಯಂ ಎಲ್ಲವನ್ನೂ ನಿಧಾನಕ್ಕೆ ಕರಗಿಸಿ ಒಯ್ದವು. ಸುಲಭಕ್ಕೆ ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳಿದವು. ಬಣ್ಣದ ಆಟ ಬಹುಪಾಲು ಕಬ್ಬಿಣದ್ದು. ಅದು ಹೆಮಟೈಟ್ ಅನ್ನುವ ಖನಿಜವಾದರೆ ಕೆಂಪು, ಗೋಥೈಟ್ ಅನ್ನುವ ಖನಿಜವಾದರೆ ಹಳದಿ ಅಥವಾ ಕಂದು. ಹೆಮಟೈಟ್ ಕಣ ದಪ್ಪವಾದಷ್ಟೂ ನೇರಳೆಗೆ ತಿರುಗುತ್ತದೆ. ಗಿಡಕ್ಕೆ ಬೇಕಾದ ಸತ್ವವೂ ಮಳೆಯಲ್ಲೇ ತೊಳೆದುಹೋಗಿದೆ, ಅದಕ್ಕೇ ಸುತ್ತ ಹಸಿರು ಕಾಡಿದ್ದರೂ ಅಲ್ಲಿ ಮಾತ್ರ ಬೋಳು.

ಹೋಗುವವರಿಗೆ ಎರಡು ಮಾತು. ಜಾಗ ಎರಡು ಎಕರೆಗೂ ಕಡಿಮೆ, ಬೆಟ್ಟಸಾಲು ಅಂದುಕೊಂಡು ಹೋಗಬೇಡಿ. ಬಿಸಿಲಿದ್ದಾಗ ಹೋಗಿ, ಮೋಡ ಕವಿದರೆ ಬಣ್ಣ ಮಂಕು. ಬೇಲಿ ದಾಟಿ ಮಣ್ಣಿನ ಮೇಲೆ ಕಾಲಿಡಬೇಡಿ. ಏಳೂ ಬಣ್ಣ ಲೆಕ್ಕಕ್ಕೆ ಸಿಗಲಿಲ್ಲ ಅಂತ ಬೇಜಾರೂ ಬೇಡ, ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಒಂದಿದೆ. ನಮ್ಮ ವಿಜಯಪುರ, ಕಲಬುರಗಿಯ ಎರೆಮಣ್ಣೂ ಲಾವಾದಿಂದಲೇ ಬಂದದ್ದು. ಅದು ಯಾಕೆ ಕಪ್ಪು?

ನಂಟು ದೂರದ್ದಲ್ಲ. ಈಗ ಮಾರಿಷಸ್ ಪಕ್ಕದ ರಿಯೂನಿಯನ್ ದ್ವೀಪದ ಕೆಳಗಿರುವ ಬಿಸಿ ಚಿಲುಮೆಯ (ಭೂಮಿಯ ಆಳದಿಂದ ಲಾವಾ ಉಕ್ಕುವ ಜಾಗ) ಮೇಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತ ಹಾದುಹೋಗುತ್ತಿತ್ತು. ಆಗ ಹರಿದ ಲಾವಾವೇ ದಖ್ಖನ್ನಿನ ಬಸಾಲ್ಟ್. ಭಾರತ ಉತ್ತರಕ್ಕೆ ಸರಿಯಿತು, ಚಿಲುಮೆ ನಿಲ್ಲಲಿಲ್ಲ. ಅದೇ ಚಿಲುಮೆಯಿಂದ ಮಾರಿಷಸ್ ಸುಮಾರು 80–90 ಲಕ್ಷ ವರ್ಷಗಳ ಹಿಂದೆ ಸಮುದ್ರದಿಂದ ತಲೆ ಎತ್ತಿತು. ರಿಯೂನಿಯನ್‌ನಲ್ಲಿ ಇವತ್ತಿಗೂ ಜ್ವಾಲಾಮುಖಿ ಸಿಡಿಯುತ್ತಿರುತ್ತದೆ.

ವಿಜಯಪುರದ ಕಡೆ ಮಳೆ ಕಮ್ಮಿ. ಸಿಲಿಕಾ, ಸುಣ್ಣ ತೊಳೆದುಹೋಗದೆ ಮಣ್ಣಿನಲ್ಲೇ ಉಳಿದವು, ಹಾಗಾಗಿ ಶಾಮರೆಲ್‌ನಂತೆ ಕಬ್ಬಿಣದ ಕೆಂಪು ಮೇಲುಗೈ ಆಗಲಿಲ್ಲ. ಅದರಿಂದ ಆದ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮಾರಿಷಸ್ಸಿಗೆ ಹೋಗಲಾಗದವರು ಬೆಳಗಾವಿ ಜಿಲ್ಲೆ ಸುತ್ತಿ. ಪಶ್ಚಿಮಕ್ಕೆ, ಘಟ್ಟದ ಮಳೆ ಸಿಗುವ ಕಡೆ, ಬಸಾಲ್ಟ್ ಮೇಲೆ ಕೆಂಪು ಜಂಬಿಟ್ಟಿಗೆ. ಚಿಕ್ಕೋಡಿ ದಾಟಿ ಅಥಣಿ ಕಡೆ ಹೋದರೆ ಅದೇ ಬಸಾಲ್ಟ್ ಮೇಲೆ ಕಪ್ಪು ಎರೆಹೊಲ.