ಪದ ಪರಿಚಯ: ಜೈವಿಕ ಸೂಚಕ

ಅರೇಬಿಕಾ ಕಾಫಿ ಗಿಡದೊಳಗೆ ಬಿಳಿ ಕಾಂಡಕೊರಕ ಸೇರಿದೆಯೇ ಎಂದು ತಿಳಿಯಲು ಕೊಡಗಿನ ಬೆಳೆಗಾರರು ಪ್ರತಿ ಗಿಡವನ್ನೂ ಸೀಳಿ ನೋಡುವುದಿಲ್ಲ. ಕಾಂಡದ ಮೇಲೆ ಎದ್ದ ಉಬ್ಬು ಗೆರೆ, ಹಳದಿಯಾಗಿ ಬಾಡಿದ ಎಲೆ ನೋಡಿ ಹುಳುವಿನ ಇರವನ್ನು ಕಂಡುಹಿಡಿಯುತ್ತಾರೆ. ದೇಹದೊಳಗಿನ ಕಾಯಿಲೆಗೂ ಇಂಥ ಗುರುತುಗಳಿವೆ. ರಕ್ತ, ಮೂತ್ರ, ಜೊಲ್ಲಿನಲ್ಲಿ ಅಳೆಯಬಹುದಾದ ಅಂಥ ಗುರುತೇ ಜೈವಿಕ ಸೂಚಕ, ಅಂದರೆ ಬಯೋಮಾರ್ಕರ್. ಅವುಗಳಲ್ಲಿ ಹಲವು ಪ್ರೋಟೀನುಗಳು.

ಟ್ರೊಪೋನಿನ್ ಅನ್ನೇ ನೋಡಿ. ಹೃದಯದ ಸ್ನಾಯುವಿನೊಳಗೆ ಇರಬೇಕಾದ ಪ್ರೋಟೀನು ಅದು. ಹೃದಯಾಘಾತದಲ್ಲಿ ಸ್ನಾಯುಕೋಶಗಳು ಸತ್ತಾಗ ರಕ್ತಕ್ಕೆ ಸೋರುತ್ತದೆ. ಆರೋಗ್ಯವಂತರ ಒಂದು ಲೀಟರ್ ರಕ್ತದಲ್ಲಿ ಇರುವುದು ಕೆಲವೇ ನ್ಯಾನೋಗ್ರಾಂ; ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ 100 ಕೋಟಿಯಲ್ಲಿ ಒಂದು ಪಾಲು. ಇಷ್ಟು ಅಲ್ಪವನ್ನೂ ಹಿಡಿಯಬಲ್ಲ ಪರೀಕ್ಷೆಯನ್ನು ಅತಿ ಸಂವೇದನಾಶೀಲ ಎನ್ನುತ್ತಾರೆ.

ರೈಲೇ ಇಲ್ಲದ ಕೊಡಗು ಜಿಲ್ಲೆಯಲ್ಲಿ, ಮರ ಬಿದ್ದು ರಸ್ತೆ ಮುಚ್ಚಿದ ಮಳೆಗಾಲದ ದಿನ, ರಕ್ತದ ಮಾದರಿಯನ್ನು ದೂರದ ಪ್ರಯೋಗಾಲಯಕ್ಕೆ ಕಳುಹಿಸಿ ಕಾಯುವುದು ಎಷ್ಟು ಕಷ್ಟವೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆದ್ದರಿಂದಲೇ ರೋಗಿಯ ಪಕ್ಕದಲ್ಲೇ ಮಾಡಬಹುದಾದ ಪರೀಕ್ಷೆಗಳು ನನಗೆ ಬಹಳ ಮುಖ್ಯವೆನಿಸುತ್ತವೆ. ಅವುಗಳಲ್ಲಿ ಸರಳವಾದದ್ದು ಪರೀಕ್ಷಾ ಪಟ್ಟಿ, ಅಂದರೆ ಟೆಸ್ಟ್ ಸ್ಟ್ರಿಪ್. ದೀಪದ ಬತ್ತಿ ಎಣ್ಣೆ ಹೀರುವಂತೆ ಪಟ್ಟಿಯ ಪೊರೆ ಹನಿಯನ್ನು ಹೀರಿ ಮುಂದೆ ಒಯ್ಯುತ್ತದೆ. ದಾರಿಯಲ್ಲಿ ಚಿನ್ನದ ಅತಿ ಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು, ಕಾದಿರುತ್ತವೆ. ತಮಗೆ ಹೊಂದುವ ಪ್ರೋಟೀನು ಸಿಕ್ಕರೆ ಹಿಡಿದುಕೊಂಡು ಜೊತೆಗೆ ಸಾಗುತ್ತವೆ. ಮುಂದಿನ ಗೆರೆಯಲ್ಲಿ ನೆಲೆನಿಂತ ಇನ್ನೊಂದು ಪ್ರತಿಕಾಯ ಅದೇ ಪ್ರೋಟೀನನ್ನು ಬೇರೊಂದು ಕಡೆಯಿಂದ ಹಿಡಿದು ನಿಲ್ಲಿಸುತ್ತದೆ. ಕಣಗಳು ಅಲ್ಲಿ ಗುಂಪುಗೂಡಿದಾಗ ಗೆರೆ ಮೂಡುತ್ತದೆ. ಅಷ್ಟು ಸಣ್ಣದಾದ ಚಿನ್ನ ಹಳದಿಯಾಗಿ ಅಲ್ಲ, ಕೆಂಪಾಗಿ ಕಾಣುತ್ತದೆ! ಮನೆಯಲ್ಲಿ ಮಾಡುವ ಗರ್ಭ ಪರೀಕ್ಷೆ, ಜ್ವರದ ಮೊದಲ ದಿನಗಳಲ್ಲಿ ಡೆಂಗಿ ವೈರಸ್ಸಿನ ಎನ್‌ಎಸ್1 ಪ್ರೋಟೀನನ್ನು ಹುಡುಕುವ ಕ್ಷಿಪ್ರ ಪರೀಕ್ಷೆ, ಎರಡರ ಹಿಂದೆಯೂ ಇದೇ ಉಪಾಯವಿದೆ.

ಕಣ್ಣಿಗೆ ಕಾಣುವ ಗೆರೆ ಹೌದು ಅಥವಾ ಇಲ್ಲ ಎನ್ನುತ್ತದೆ. ಪ್ರಮಾಣ ತಿಳಿಯಲು ಸಣ್ಣ ಓದುಯಂತ್ರ ಬೇಕು. ಮೂತ್ರಪಿಂಡದ ಕಾಯಿಲೆಯಲ್ಲೂ ಟ್ರೊಪೋನಿನ್ ಏರಬಹುದು. ಹೃದಯಾಘಾತದ ಆರಂಭದಲ್ಲಿ ಇನ್ನೂ ಏರಿರದೆಯೂ ಇರಬಹುದು. ವೈದ್ಯರು ಇಸಿಜಿಯನ್ನೂ ನೋಡಿ, ಸ್ವಲ್ಪ ಸಮಯ ಬಿಟ್ಟು ಮತ್ತೆ ರಕ್ತ ಪರೀಕ್ಷಿಸುವುದು ಇದಕ್ಕಾಗಿಯೇ. ಎದೆನೋವು ಬಂದವರು ಪಟ್ಟಿ ನೋಡುತ್ತ ಮನೆಯಲ್ಲಿ ಕೂರಲೇಬಾರದು.

ಕೊಡಗಿನ ಮಳೆಗಾಲದ ತೇವಕ್ಕೆ ಪಟ್ಟಿ ಬೇಗ ಕೆಡುತ್ತದೆ. ಪೊಟ್ಟಣವನ್ನು ಬಳಸುವ ಹೊತ್ತಿಗಷ್ಟೇ ಒಡೆಯಿರಿ. ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತೋರಿಸುವ 'ಸಿ' ಗೆರೆ ಮೂಡದಿದ್ದರೆ, ಪಕ್ಕದ ಗೆರೆ ಏನೇ ಹೇಳಲಿ, ಹೊಸ ಪಟ್ಟಿ ತೆಗೆದುಕೊಳ್ಳಿ.